ಬೆಂಚಿನ ಮೇಲೆ ಕೂತ ಯೋಚನೆ

ನಮ್ಮ ಅಕ್ಕನ ಗಂಡ ಇಪ್ಪತ್ತೆರಡು ವರ್ಷದಿಂದ ಕ್ಷೌರದ ಕೆಲಸ ಮಾಡುತ್ತಿದ್ದಾರೆ. ಹೋದ ತಿಂಗಳು ಶೇವಿಂಗ್ ಮಾಡುವಾಗ ಗಿರಾಕಿ ಸೀನಿದ, ಕುತ್ತಿಗೆಗೆ ಒಂದು ಗೀರು ಬಿತ್ತು. ಪಟಿಕ ಉಜ್ಜಿದ ಕೂಡಲೇ ರಕ್ತ ನಿಂತಿತು. ಗಿರಾಕಿ ಮರೆತ, ಭಾವ ಮರೆಯಲಿಲ್ಲ. ಅಂದಿನಿಂದ ಯಾರ ಗದ್ದಕ್ಕೆ ನೊರೆ ಹಚ್ಚಿದರೂ ಅದೇ ಯೋಚನೆ: ನನ್ನ ಕೈ ಇವನ ಕುತ್ತಿಗೆ ಕುಯ್ದುಬಿಟ್ಟರೆ? ಇರುವೆಗೂ ನೋವು ಮಾಡದ ಮನುಷ್ಯ, ಪಾಪ!

ಭಾವ ಶೇವಿಂಗ್ ನಿಲ್ಲಿಸಿ ಬರೀ ಕೂದಲು ಕತ್ತರಿಸತೊಡಗಿದರು. ಅಂಗಡಿಯ ಯಜಮಾನ ಗಡುವು ಕೊಟ್ಟ: "ಸೋಮವಾರದಿಂದ ಶೇವಿಂಗ್ ಮಾಡೋಕಾಗದಿದ್ರೆ ಕುರ್ಚಿ ಬಿಡಿ." ಮನೆಯಲ್ಲಿ ಅಕ್ಕ ಕೂತಲ್ಲಿ ಕೂರುವುದಿಲ್ಲ, ಭಾವ ನಿಂತಲ್ಲಿ ನಿಲ್ಲುವುದಿಲ್ಲ. ನೋಡಿ ನೋಡಿ ನನ್ನ ತಲೆ ಕೆಟ್ಟು ಕೆರ ಹಿಡಿಯಿತು.

ನಾನೇ ಅವರನ್ನು ಧ್ಯಾನದ ತರಗತಿಗೆ ಎಳೆದುಕೊಂಡು ಹೋದೆ. ಟೀಚರಮ್ಮ ಹೇಳಿದ್ದು ಇಷ್ಟೆ: "ಯೋಚನೆ ಬಂದ್ರೆ ಓಡಿಸ್ಬೇಡಿ, ಅದರ ಹಿಂದೇನೂ ಹೋಗ್ಬೇಡಿ. ಬಂದಿದೆ ಅಂತ ನೋಡಿ, ಉಸಿರಿನ ಕಡೆ ವಾಪಸ್ ಬನ್ನಿ."

ಮರುದಿನ ಭಾವ ಧೈರ್ಯ ಮಾಡಿ ಒಬ್ಬನಿಗೆ ನೊರೆ ಹಚ್ಚಿದರು. ಯೋಚನೆ ಬಂತು. ಕಲಿತ ಹಾಗೆಯೇ ಉಸಿರು ನೋಡಲು ಕಣ್ಣು ಮುಚ್ಚಿದರು, ಕತ್ತಿ ಗಿರಾಕಿಯ ಗಂಟಲ ಮೇಲೇ! ಕನ್ನಡಿಯಲ್ಲಿ ಅದನ್ನು ಕಂಡವನು ನೊರೆ ಸಮೇತ ಬೀದಿಗೆ ಓಟ ಕಿತ್ತ. ಅಯ್ಯೋ, ನಗಬೇಕೋ ಅಳಬೇಕೋ!

ಟೀಚರಮ್ಮನನ್ನು ಕೇಳಿಕೊಂಡು ಬಂದೆ. "ಕಣ್ಣು ಬಿಟ್ಕೊಂಡೇ ಮಾಡಬಹುದಂತೆ, ಭಾವ."

ಸೋಮವಾರ ಬಂತು. ಸುದ್ದಿ ಹಬ್ಬಿ ಯಾರೂ ಅವರ ಕುರ್ಚಿಯ ಕಡೆ ತಲೆ ಹಾಕಲಿಲ್ಲ. ಸರದಿ ಕಾಯುವವರ ಬೆಂಚು ಖಾಲಿ. ಯಜಮಾನ ಗಡಿಯಾರ ನೋಡುತ್ತಿದ್ದ. ನನಗೆ ರೇಗಿಹೋಯಿತು. ನಾನೇ ಹೋಗಿ ಕೂತು ಕತ್ತು ಎತ್ತಿದೆ.

"ಬೇಡ ಕಣೋ," ಎಂದರು ಭಾವ.

"ಸುಮ್ನೆ ಮಾಡ್ರೀ. ಅಕ್ಕನಿಗೆ ನಾನು ಉತ್ತರ ಹೇಳ್ತೀನಿ."

ಸುಳ್ಳೇಕೆ ಹೇಳಲಿ, ಕತ್ತಿ ತಾಕಿದಾಗ ನನ್ನ ಜೀವ ಬಾಯಿಗೆ ಬಂತು. ಗಂಟಲ ಹತ್ತಿರ ಕತ್ತಿ ನಿಂತಿತು. ಕನ್ನಡಿಯಲ್ಲಿ ಭಾವನ ಕಣ್ಣುಗಳು ಅಗಲವಾಗಿ ತೆರೆದಿದ್ದವು. ಅವಸರದ ಗಿರಾಕಿಗೆ ಹೇಳುವ ಹಾಗೆ ಮೆಲ್ಲಗೆ, "ಬಂದ್ಯಾ? ಬೆಂಚ್ ಮೇಲೆ ಕೂತಿರು," ಎಂದರು. ಉದ್ದಕ್ಕೆ ಉಸಿರು ಬಿಟ್ಟರು. ಕತ್ತಿ ಮುಂದೆ ಸರಿಯಿತು. ಮುಗಿಯುವಷ್ಟರಲ್ಲಿ ಅದೇ ಮಾತು ಐದು ಸಲವಾದರೂ ಆಗಿತ್ತು.

ಮುಖ ಒರೆಸಿದರು. ಒಂದು ಗೀರಿಲ್ಲ.

"ಆ ಯೋಚನೆ ಹೋಯ್ತಾ, ಭಾವ?"

"ಎಲ್ಲಿಗೆ ಹೋಗುತ್ತೆ? ಅಲ್ಲೇ ಕೂತಿದೆ," ಎಂದು ಖಾಲಿ ಬೆಂಚು ತೋರಿಸಿದರು.

ಯಜಮಾನ ಎದ್ದು ಬಂದ. ನನ್ನ ಗದ್ದ ಸವರಿ ನೋಡಿದ. ನನ್ನನ್ನು ಎಬ್ಬಿಸಿ, ತಾನೇ ಆ ಕುರ್ಚಿಯಲ್ಲಿ ಕೂತು ಕತ್ತು ಎತ್ತಿದ.