ನಕಾಶೆಯೊಳಗಿನ ‘ಬೇಚಿರಾಕ’

ಬೇಚಿರಾಕ ಎಂಬ ಊರಿಗೆ ನೀವು ಯಾವತ್ತಾದರೂ ಹೋಗಿದ್ದೀರಾ? ನಕಾಶೆಗಳನ್ನು ನಂಬುವುದಾದರೆ ಅದು ಮುಂಡರಗಿ ಸೀಮೆಯಲ್ಲಿ, ಕಪ್ಪತಗುಡ್ಡದ ಬುಡಕ್ಕೆ, ಡೋಣಿಯ ಮಗ್ಗುಲಲ್ಲೇ ಇದೆ.

ಕಳೆದ ವಾರ ಬೆಟಗೇರಿಯ ಗೆಳೆಯ ರಾಚಪ್ಪನ ಕಲ್ಲಚ್ಚಿನ ಪ್ರೆಸ್ಸಿಗೆ ಹೋಗಿದ್ದೆ. ಬರುವ ನವೆಂಬರಿನಲ್ಲಿ ಕನ್ನಡದವರೆಲ್ಲ ಒಂದೇ ರಾಜ್ಯದವರಾಗುತ್ತೇವಲ್ಲ, ಶಾಲೆಗಳ ಗೋಡೆಗೆ ಹೊಸ ನಕಾಶೆ ಬೇಕಂತೆ. (ಸ್ವಾತಂತ್ರ್ಯ ಬರುವವರೆಗೆ ಗದಗ ಇಂಗ್ಲಿಷರದು, ಶಿರಹಟ್ಟಿ ಸಾಂಗ್ಲಿಯವರದು, ಲಕ್ಷ್ಮೇಶ್ವರ ಮಿರಜದವರದು. ಒಂದು ಸಂತೆಗೆ ಹೋಗಿಬರುವಷ್ಟರಲ್ಲಿ ಮೂರು ಸರಕಾರ ದಾಟುತ್ತಿದ್ದೆವು.)

ರಾಚಪ್ಪ ಹಳೆಯ ನಕಾಶೆಗಳನ್ನು ಮೇಜಿನ ತುಂಬ ಹರಡಿದ್ದ. ಎಲ್ಲಕ್ಕೂ ಹಿರಿಯದು ಪೇಶ್ವೆಯವರ ಕಾಲದ್ದು, ವಿಲಾಯತಿಯಲ್ಲಿ ತಾಮ್ರದ ತಗಡಿನ ಮೇಲೆ ಕೊರೆದು ಅಚ್ಚು ಹಾಕಿದ್ದು. ಅದನ್ನು ನೋಡಿ ಇನ್ನೊಂದು, ಇನ್ನೊಂದನ್ನು ನೋಡಿ ಮತ್ತೊಂದು. ನಾನು ಸಿಂಗಟಾಲೂರಿನ ಹತ್ತಿರ ಬೆರಳಿಟ್ಟೆ. ನಾನು ಈಜು ಕಲಿತ ಜಾಗದಲ್ಲೇ ಹೊಳೆ ತಿರುಗಿತ್ತು. ಯಾರೋ ಒಬ್ಬ ಬಿಸಿಲಲ್ಲಿ ಸರಪಳಿ ಎಳೆದು ಸರ್ವೆ ಮಾಡಿದ. ತುಂಗಭದ್ರೆಯ ಹನಿ ನೀರನ್ನೂ ಕಾಣದವನು ಅದನ್ನು ತಗಡಿನಲ್ಲಿ ಕೊರೆದ. ಅವನನ್ನು ನೋಡಿ ಇನ್ನೊಬ್ಬ ಕೊರೆದ. ಆದರೂ ತಿರುವು ತಪ್ಪಿಲ್ಲ. ನನಗೆ ಮೈ ಜುಮ್ಮೆಂದಿತು.

ತಪ್ಪೂ ಅಷ್ಟೇ ನಿಷ್ಠೆಯಿಂದ ಇಳಿದು ಬಂದಿತ್ತು. ಬೇಚಿರಾಕ ಊರಿನ ಹೆಸರಲ್ಲ ಸ್ವಾಮಿ. ಜನ ಬಿಟ್ಟುಹೋದ ಹಾಳೂರಿಗೆ ದಫ್ತರದಲ್ಲಿ ಬರೆಯುವ ಮಾತು. ಸರ್ವೆಗೆ ಬಂದ ಸಾಹೇಬ “ಇದು ಯಾವೂರು?” ಅಂದಿರಬೇಕು. ಕುಲಕರ್ಣಿ “ಬೇಚಿರಾಕ ಐತ್ರಿ ಸಾಹೇಬ್ರ” ಅಂದಿರಬೇಕು. ಅಲ್ಲಿಂದೀಚೆಗೆ ಯಾರಿಗೂ ಅನುಮಾನವೇ ಬಂದಿಲ್ಲ. ರಾಚಪ್ಪನೂ ಅದನ್ನೇ ಕಲ್ಲಿಗಿಳಿಸಿ ಕೂತಿದ್ದ.

ಚಹಾ ತಂದ ಅವನ ತಾಯಿ ನೀಲವ್ವನ ಕಿವಿಗೆ ನಮ್ಮ ಮಾತು ಬಿತ್ತು. “ಡೋಣಿ ಬಾಜೂಕಿನ ಹಾಳೂರಲ್ಲ? ಅದು ನಮ್ಮ ತವರವರ ಮೂಲ ಊರು, ಹುಣಸೀಕೊಪ್ಪ. ಬೇಚಿರಾಕ ಅಂದ್ರ ಏನ್ ತಮ್ಮಾ?”

“ಚಿರಾಗ ಅಂದ್ರ ದೀಪರಿ ಅವ್ವಾರ. ದೀಪ ಹಚ್ಚವ್ರಿಲ್ಲದ ಊರು ಅಂತ,” ಅಂದೆ.

ನೀಲವ್ವ ಮುಖ ಗಂಟು ಹಾಕಿಕೊಂಡರು. “ಹಂಗ ಬರದವ್ರು ಶ್ರಾವಣದಾಗ ಬಂದು ನೋಡ್ಯಾರೇನು? ಮನಿ ಬಿದ್ರೂ ಹನಮಪ್ಪನ ಗುಡಿ ನಿಂತೈತಿ. ನಮ್ಮ ಮಂದಿ ವರ್ಷಾ ಹೋಗಿ ದೀಪಾ ಹಚ್ಚಿ ಬರ್ತಾರ.”

“ಆತಬೇ ಯವ್ವಾ, ಅಳಿಸಿಬಿಡ್ತೀನಿ,” ಅಂದ ರಾಚಪ್ಪ. “ಆದ್ರ ಹುಣಸೀಕೊಪ್ಪ ಅಂತ ಹಾಕಾಕ ಆಗಂಗಿಲ್ಲ. ಬ್ಯಾರೆ ಯಾವ ನಕಾಶಿದಾಗೂ ಇಲ್ಲದ ಹೆಸರು ಹಾಕಿದ್ರ ಶಾಲಿಯವ್ರು ತಪ್ಪಂತಾರ. ಮಾಲು ವಾಪಸ್ ಬರ್ತೈತಿ.”

“ಅಳಿಸಿದ್ರ ಇನ್ನೇನು ಉಳೀತೋ? ನಮ್ಮ ಮಂದಿ ತೀರಿದ ಮ್ಯಾಲ ಹಿಂಗೊಂದು ಊರಿತ್ತಂತ ಯಾರು ಹೇಳ್ತಾರ?”

ರಾಚಪ್ಪ ನನ್ನ ಮುಖ ನೋಡಿದ. ನಾನು ಚಹಾದ ಕಪ್ಪು ನೋಡಿದೆ. ವಿಲಾಯತಿಯ ತಗಡಿಗೂ ಸಿಗದ ಒಂದು ಇಡೀ ಊರು ಈ ಹೆಣ್ಣುಮಗಳ ಬಾಯಲ್ಲಿ ಉಳಿದಿತ್ತು. ನಿಜ ಹೇಳುತ್ತೇನೆ, ನನಗೆ ಕೈಮುಗಿಯಬೇಕು ಅನ್ನಿಸಿತು. “ಹಾಕಪಾ ರಾಚಪ್ಪ, ಶಾಲಿಯವ್ರು ಕೇಳಿದ್ರ ನಾ ಹೇಳ್ತೀನಿ,” ಅಂದೆ.

ರಾಚಪ್ಪ ಕಲ್ಲಿನ ಮೇಲಿನ ಬೇಚಿರಾಕವನ್ನು ಕೆರೆದು ತೆಗೆದ. ಅಚ್ಚಿನವರಿಗಷ್ಟೇ ಬರುವ ಉಲ್ಟಾ ಅಕ್ಷರದಲ್ಲಿ ಹುಣಸೀಕೊಪ್ಪ ಎಂದು ಬರೆದ. ನೀಲವ್ವನಿಗೆ ಓದು ಬಾರದು. ಆದರೂ ಬಗ್ಗಿ ಬಹಳ ಹೊತ್ತು ನೋಡಿದರು.

ಮುಂದೆ ಈ ನಕಾಶೆಯನ್ನು ನಕಲು ಮಾಡುವ ಮಹನೀಯರೇ, ದಯವಿಟ್ಟು ನಿಮ್ಮ ಹಿಂದಿನವರ ಹಾಗೆ ಕಣ್ಣು ಮುಚ್ಚಿಕೊಂಡೇ ಮಾಡಿ.