ಗೆರೆಯ ಮುಂದಿನ ಅಂಚು

ಲಾರ್ಕಿನ್ ಊರಿನಲ್ಲಿ ಅಭಿಪ್ರಾಯವೇ ಇಲ್ಲದ ಮನುಷ್ಯ ಒಬ್ಬನೇ ಒಬ್ಬನಿದ್ದ. ಅವನು ಎಲ್ಡನ್ ಜೆಲಿನೆಕ್. ಅಮೆರಿಕದ ನೆಬ್ರಾಸ್ಕ ರಾಜ್ಯದ ಮೆಕ್ಕೆಜೋಳದ ಹೊಲಗಳ ನಡುವೆ ಕೂತಿರುವ ಆ ಊರಿನ ಉಳಿದ ಎರಡು ಸಾವಿರ ಜನಕ್ಕೂ ಎಲ್ಲದರ ಬಗ್ಗೆ ಅಭಿಪ್ರಾಯವಿತ್ತು. ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ತಂಡದ ಬಗ್ಗೆಯಂತೂ ತಲೆಗೆ ಎರಡೆರಡು. ಚರ್ಚಿನಲ್ಲಿ ಪಿಯಾನೊ ನುಡಿಸುವ ಎಂಬತ್ತೆಂಟು ವರ್ಷದ ಅಜ್ಜಿಗೂ, ಮೂರನೇ ಪ್ರಯತ್ನದಲ್ಲಿ ಚೆಂಡನ್ನು ಎಸೆಯಬೇಕೋ ಹೊತ್ತುಕೊಂಡು ಓಡಬೇಕೋ ಎಂಬುದು ಖಚಿತವಾಗಿ ಗೊತ್ತಿತ್ತು. ಅದು ಕೋಚ್‌ಗೆ ಮಾತ್ರ ಯಾಕೆ ಗೊತ್ತಾಗುವುದಿಲ್ಲ ಎಂಬುದೇ ಅವಳ ದುಃಖ.

ಎಲ್ಡನ್‌ನ ಬಾಯಿಗೆ ಬೀಗ ಬೀಳಲು ಕಾರಣವಿತ್ತು. ವಾರವೆಲ್ಲ ಅವನು ರೈತರ ಸಹಕಾರ ಸಂಘದ ಗೋದಾಮಿನಲ್ಲಿ ಜೋಳದ ಲಾರಿ ತೂಗುತ್ತಿದ್ದ. ಶರತ್ಕಾಲದ ಶನಿವಾರಗಳಲ್ಲಿ ಮೈದಾನದ ಸರಪಳಿ ಕಾಯುತ್ತಿದ್ದ. ಆಟದಲ್ಲಿ ತಂಡಕ್ಕೆ ನಾಲ್ಕು ಪ್ರಯತ್ನ. ಅಷ್ಟರೊಳಗೆ ಚೆಂಡು ಹತ್ತು ಗಜ ಮುಂದೆ ಹೋಗಬೇಕು, ಇಲ್ಲವಾದರೆ ಅದು ಅಲ್ಲೇ ಎದುರಾಳಿಯ ಪಾಲು. ಅದಕ್ಕೆ ಹೆದರುವವರು ನಾಲ್ಕನೆಯದರಲ್ಲಿ ಚೆಂಡನ್ನು ಒದ್ದು, ದೂರದಲ್ಲೇ ಅವರಿಗೆ ಬಿಟ್ಟುಕೊಡುತ್ತಾರೆ. ಹೋಯಿತೋ ಇಲ್ಲವೋ ಎಂದು ಅಳೆಯಲು ಎರಡು ಕೋಲುಗಳ ನಡುವೆ ಹತ್ತು ಗಜದ ಒಂದು ಸರಪಳಿ ಇರುತ್ತದೆ. ಅದನ್ನು ಹಿಡಿಯುವವರು ಊರಿನವರೇ, ಆದರೆ ನಿಲ್ಲುವುದು ಹೊರಗಿನಿಂದ ಬಂದ ತಂಡದ ಪಕ್ಕದಲ್ಲಿ. ಅವರು ಚಪ್ಪಾಳೆ ತಟ್ಟುವಂತಿಲ್ಲ, ಕೂಗುವಂತಿಲ್ಲ, ಮುಖ ಸಿಂಡರಿಸುವಂತೆಯೂ ಇಲ್ಲ. ಎಲ್ಡನ್ ಮೂವತ್ತೊಂದು ವರ್ಷ ಹೀಗೆ ನಿಂತಿದ್ದ.

ನಿಂತೂ ನಿಂತೂ ಆ ನಿಯಮವನ್ನು ಮನೆಗೂ ಹೊತ್ತು ತಂದಿದ್ದ. ಚರ್ಚಿನ ಕಡುಬಿನ ಸ್ಪರ್ಧೆಗೆ ತೀರ್ಪುಗಾರನಾಗಿ ಕರೆದರೆ ಹನ್ನೆರಡು ಕಡುಬುಗಳನ್ನೂ ಒಂದೇ ಅಳತೆಯಲ್ಲಿ ತಿಂದು, ಹನ್ನೆರಡಕ್ಕೂ ಮೊದಲ ಬಹುಮಾನ ಬರೆದುಕೊಟ್ಟು ಬಂದಿದ್ದ. ಅವನ ಹೆಂಡತಿ ಲವೋನ್ ಆಟದ ದಿನ ಗಂಟಲು ಹರಿದುಹೋಗುವಂತೆ ಕೂಗುವವಳು. "ಮದುವೆ ದಿನ ಪಾದ್ರಿ 'ಈಕೆಯನ್ನ ಒಪ್ತೀಯಾ' ಅಂತ ಕೇಳಿದ್ರೆ, ಈ ಮನುಷ್ಯ ಎರಡೂ ಕಡೆಯವರನ್ನ ಒಂದ್ಸಲ ನೋಡಿದ ಕಣ್ರೇ," ಎಂದು ನಲವತ್ತು ವರ್ಷದಿಂದ ಹೇಳಿಕೊಂಡು ಬಂದಿದ್ದಳು. ಎಲ್ಡನ್ ಅದನ್ನು ಅಲ್ಲಗಳೆದವನೂ ಅಲ್ಲ, ಒಪ್ಪಿದವನೂ ಅಲ್ಲ.

ಆ ವರ್ಷ ತಂಡದ ಗತಿ ಯಾರಿಗೂ ಹೇಳುವಂತಿರಲಿಲ್ಲ. ಹನ್ನೊಂದರಲ್ಲಿ ಹತ್ತು ಪಂದ್ಯ ಮುಗಿದಾಗ ಗೆದ್ದದ್ದು ಎರಡೇ. ಕೋಚ್ ಡೆಲ್ ಹಾಲ್ವರ್ಸನ್ ಮೃದು ಮಾತಿನ ಮನುಷ್ಯ; ಪಂದ್ಯ ಮುಗಿದ ಮೇಲೆ ಎದುರಾಳಿಗಳ ಬಸ್ ಡ್ರೈವರಿಗೂ ಕೈಕುಲುಕಿ ಹುಷಾರಾಗಿ ಹೋಗಿ ಅನ್ನುವವನು. ಗೆದ್ದಿದ್ದರೆ ಊರು ಇದನ್ನು ದೊಡ್ಡತನ ಅನ್ನುತ್ತಿತ್ತು. ಸೋತದ್ದರಿಂದ ಕೈಲಾಗದತನವಾಯಿತು. ಕಾಲೇಜಿನ ಅಧ್ಯಕ್ಷೆ ಮರಿಯನ್ ಸ್ಟೂಬೆ ಆಗಸ್ಟಿನಲ್ಲೇ ಎಲ್ಲರೆದುರು ಮಾತು ಕೊಟ್ಟಿದ್ದರು: ಮೂರು ಪಂದ್ಯ ಗೆದ್ದರೆ ಕೋಚ್‌ಗೆ ಇನ್ನೊಂದು ವರ್ಷ, ಗೆಲ್ಲದಿದ್ದರೆ ಊರಿನವರೊಂದಿಗೆ ಕೂತು ತೀರ್ಮಾನ.

ಬೆಳಗಿನ ಕಾಫಿಯ ಹೋಟೆಲಿನಲ್ಲಿ ತೀರ್ಮಾನ ಆಗಲೇ ಆಗಿಹೋಗಿತ್ತು. ಟ್ರ್ಯಾಕ್ಟರ್ ಮಾರುವ ಗೇಲನ್ ಸ್ಟ್ರೂಪ್ ತಂಡದ ಅಭಿಮಾನಿ ಸಂಘದ ಮುಖ್ಯಸ್ಥ. ಹೋಟೆಲಿನ ಆ ಮೇಜಿಗೂ ಅವನೇ ಮುಖ್ಯಸ್ಥ.

"ನಾಲ್ಕನೇ ಪ್ರಯತ್ನದಲ್ಲಿ ಚೆಂಡು ಒದ್ದು ದೂರ ಕಳ್ಸಯ್ಯಾ ಅಂದ್ರೆ, ಈ ಪುಣ್ಯಾತ್ಮ ಮುನ್ನುಗ್ಗು ಅಂತಾನೆ! ನಮ್ಮತ್ತೆ ಕಾರು ಓಡಿಸ್ದಂಗೆ. ಎದುರಿಗೆ ಗೋಡೆ ಇದ್ರೂ ಸರಿ, ಬ್ರೇಕು ಮುಟ್ಟಲ್ಲ," ಎಂದು ಗೇಲನ್ ಮೇಜು ಗುದ್ದಿದ. "ಎಲ್ಡನ್, ನೀನೇನಂತೀಯಪ್ಪಾ?"

"ಕಾಫಿ ಬಿಸಿ ಇದೆ," ಎಂದ ಎಲ್ಡನ್.

"ನೋಡ್ರಪ್ಪಾ! ಅದನ್ನೂ ಒಳ್ಳೇದು ಅಂತ ಹೇಳ್ಲಿಲ್ಲ, ಕೆಟ್ಟದು ಅಂತ ಹೇಳ್ಲಿಲ್ಲ," ಎಂದು ಗೇಲನ್ ನಕ್ಕ. ಮೇಜಿನವರೆಲ್ಲ ನಕ್ಕರು.

ಕೊನೆಯ ಪಂದ್ಯ ವೆಸ್ಟ್‌ಬೋರೋ ಕಾಲೇಜಿನ ಮೇಲೆ, ಊರಿನ ಮೈದಾನದಲ್ಲೇ. ಬೆಳಗಿನಿಂದ ಹಿಮ ಉದುರುತ್ತಿತ್ತು. ಅಚ್ಚರಿಯೆಂದರೆ ಕೊನೆಯ ಒಂದೂವರೆ ನಿಮಿಷದಲ್ಲಿ ಲಾರ್ಕಿನ್ ಎರಡು ಅಂಕ ಮುಂದಿತ್ತು. ನಾಲ್ಕನೇ ಪ್ರಯತ್ನ, ಹತ್ತು ಗಜ ತುಂಬಲು ಒಂದು ಗೇಣು ಬಾಕಿ. ಆ ಗೇಣು ಸಿಕ್ಕಿಬಿಟ್ಟರೆ ಚೆಂಡು ಅಪ್ಪಿಕೊಂಡು ಗಡಿಯಾರ ಮುಗಿಯುವ ತನಕ ಕೂತುಬಿಡಬಹುದು, ಗೆಲುವು ಜೇಬಿನಲ್ಲಿ. ಸಿಗದಿದ್ದರೆ ಚೆಂಡು ಅವರ ಕೈಗೆ. ಒದ್ದು ದೂರ ಕಳಿಸೋ ಎಂದು ಗೇಲನ್ ಕೂಗಿದ್ದು ಪಕ್ಕದ ಜಿಲ್ಲೆಗೂ ಕೇಳಿಸಿರಬೇಕು. ಹಾಲ್ವರ್ಸನ್ ಮುನ್ನುಗ್ಗಲು ಹೇಳಿದ. ಇಪ್ಪತ್ತೆರಡು ಜನ ಒಂದೇ ರಾಶಿಯಾಗಿ ಬಿದ್ದರು. ರಾಶಿ ಬಿಡಿಸಿ ನೋಡಿದರೆ ಚೆಂಡು ಅಲ್ಲೂ ಇಲ್ಲ, ಇಲ್ಲೂ ಇಲ್ಲ ಎಂಬಲ್ಲಿತ್ತು. ಅಂಪೈರು ಸರಪಳಿ ತರಲು ಕೈಮಾಡಿದ.

ಸರಪಳಿಯನ್ನು ಮೈದಾನದ ಪಕ್ಕದಿಂದ ನಡುವಿಗೆ ಒಯ್ಯುವಾಗ ಅದು ಒಂದು ಕೂದಲೆಳೆಯೂ ಹಿಂದುಮುಂದಾಗಬಾರದು. ಅದಕ್ಕಾಗಿ, ಸರಪಳಿ ನೆಲದ ಬಿಳಿ ಗೆರೆಯೊಂದನ್ನು ದಾಟುವ ಜಾಗದಲ್ಲಿ ಮೊದಲೇ ಒಂದು ಕ್ಲಿಪ್ಪು ಹಾಕಿಟ್ಟಿರುತ್ತಾರೆ. ನಡುವಿಗೆ ಒಯ್ದಾಗ ಆ ಕ್ಲಿಪ್ಪನ್ನು ಅದೇ ಗೆರೆಯ ಅದೇ ಅಂಚಿಗೆ ಇಡಬೇಕು. ಗೆರೆ ನಾಲ್ಕು ಅಂಗುಲ ಅಗಲ. ಅದಕ್ಕೆ ಹಿಂದೊಂದು ಅಂಚು, ಮುಂದೊಂದು ಅಂಚು; ಅಂಚು ತಪ್ಪಿದರೆ ಅಳತೆಯೂ ನಾಲ್ಕು ಅಂಗುಲ ತಪ್ಪುತ್ತದೆ. ಮೂವತ್ತೊಂದು ವರ್ಷವೂ ಎಲ್ಡನ್ ಕ್ಲಿಪ್ಪು ಹಾಕಿದ್ದು ಹಿಂದಿನ ಅಂಚಿಗೇ.

ಕ್ಲಿಪ್ಪು ಹಿಡಿದು ನಡೆಯುತ್ತಿದ್ದ ಎಲ್ಡನ್ ಚೆಂಡಿನ ಕಡೆ ಒಮ್ಮೆ ನೋಡಿದ. ಪಳಗಿದ ಕಣ್ಣು, ಹಿಂದಿನ ಅಂಚಿಗಿಟ್ಟರೆ ಚೆಂಡು ನಮ್ಮದು ಎಂದು ಆಗಲೇ ಹೇಳಿಬಿಟ್ಟಿತು. ನಮ್ಮದು! ಅವನ ಎದೆ ಜಿಗಿಯಿತು. ಮೂವತ್ತೊಂದು ವರ್ಷದಲ್ಲಿ ಎಂದೂ ಜಿಗಿಯದ ಎದೆ ಅದು. ಅದು ಜಿಗಿದದ್ದೇ ತಡ, ಎಲ್ಡನ್‌ಗೆ ತನ್ನ ಮೇಲೇ ಅನುಮಾನ ಹುಟ್ಟಿತು. ಹಿಂದಿನ ಅಂಚು ಅನ್ನುತ್ತಿರುವುದು ನೆನಪೋ, ಆಸೆಯೋ? ಇವತ್ತು ಹಿಮ ಬಿದ್ದು ಗೆರೆ ಮುಚ್ಚಿತ್ತಲ್ಲ. ಕಾಣಿಸಿದ್ದು ಮುಂದಿನ ಅಂಚೇ ಇರಬಹುದಲ್ಲ?

"ಯಾವ ಅಂಚು, ಎಲ್ಡನ್?" ಎಂದು ಅಂಪೈರು ಕೇಳಿದ.

"ಮುಂದಿನದು," ಎಂದ ಎಲ್ಡನ್.

ಚೆಂಡು ಮೂರು ಬೆರಳಿನಷ್ಟು ಕಡಿಮೆ ಬಿತ್ತು. ವೆಸ್ಟ್‌ಬೋರೋದವರು ಚೆಂಡು ತೆಗೆದುಕೊಂಡು, ಕೊನೆಯ ಗಳಿಗೆಯಲ್ಲಿ ಅದನ್ನು ಕಂಬಗಳ ನಡುವೆ ಒದ್ದು ಮೂರು ಅಂಕ ಗಿಟ್ಟಿಸಿ ಗೆದ್ದರು. ಸರಪಳಿ ಸುತ್ತಿಕೊಂಡು ಮೈದಾನದ ಪಕ್ಕಕ್ಕೆ ಮರಳಿದ ಎಲ್ಡನ್ ನೆಲ ನೋಡಿದ. ಕ್ಲಿಪ್ಪು ಹಾಕುವ ಮೊದಲು ಅವನು ಬೂಟಿನ ತುದಿಯಿಂದ ಹಿಮ ಕೆರೆದ ಗುರುತು ಗೆರೆಯ ಮೇಲೆ ಹಾಗೇ ಇತ್ತು. ಕೆರೆದಿದ್ದದ್ದು ಹಿಂದಿನ ಅಂಚನ್ನು. ಮುಂದಿನ ಅಂಚಿನ ಮೇಲೆ ಹಿಮ ಒಂದಿಷ್ಟೂ ಕದಡದೆ ಕೂತಿತ್ತು.

ಮರುದಿನ ಚರ್ಚು ಮುಗಿಸಿ ಬಂದು ಊಟಕ್ಕೆ ಕೂತಾಗ ಅವನು ಹೆಂಡತಿಗೆ ಎಲ್ಲ ಹೇಳಿದ. ಲವೋನ್ ಫೋರ್ಕು ಕೆಳಗಿಟ್ಟಳು.

"ಬೇರೆ ಯಾರಾದ್ರೂ ನೋಡಿದ್ರಾ?"

"ಇಲ್ಲ."

"ಹಂಗಾದ್ರೆ ಬಾಯ್ಮುಚ್ಕೊಂಡಿದ್ರಾಯ್ತು. ಅದರಲ್ಲಿ ನಿನ್ನ ಮೀರಿಸೋರಿಲ್ಲ." ಅವಳು ತಟ್ಟೆ ಪಕ್ಕಕ್ಕೆ ಸರಿಸಿದಳು. "ನನಗೆ ಆ ಕೋಚ್ ಬೇಡ, ಎಲ್ಡನ್. ಹೋದ್ರೆ ಪೀಡೆ ಕಳೀತು ಅಂತೀನಿ. ಆದ್ರೆ ನೀನು ಮಾಡಿದ್ದಕ್ಕೆ ಅವನು ಹೋಗ್ಬಾರ್ದು."

"ಹೇಳಿದ್ರೆ ನಾನು ಸರಪಳಿ ಬಿಡ್ಬೇಕಾಗುತ್ತೆ."

"ಗೊತ್ತು," ಎಂದಳು ಲವೋನ್. ಅವಳ ದನಿ ಮೆತ್ತಗಾಯಿತು. ಶನಿವಾರ ಬೆಳಗ್ಗೆ ಐದಕ್ಕೇ ಎದ್ದು ಆ ಸರಪಳಿಯ ಕೊಂಡಿ ಕೊಂಡಿಗೂ ಎಣ್ಣೆ ಒರೆಸುವ ಗಂಡನನ್ನು ಅವಳಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ.

ಸಭೆ ನಡೆದದ್ದು ಮಂಗಳವಾರ ಮಧ್ಯಾಹ್ನ, ಕಾಲೇಜಿನ ಊಟದ ಮನೆಯಲ್ಲಿ. ಒಬ್ಬ ಮನುಷ್ಯನ ಕೆಲಸ ಕೀಳುವ ಸಭೆಯಾದರೂ ಊಟ ಬಿಡುವಂತಿಲ್ಲವಲ್ಲ. ಎಲ್ಲರ ಮುಂದೂ ಒಂದು ಬಟ್ಟಲು ಚಿಲ್ಲಿ ಎಂಬ ಮಾಂಸ-ಕಾಳಿನ ಖಾರದ ಸಾರು, ಪಕ್ಕದಲ್ಲಿ ದಾಲ್ಚಿನ್ನಿ ಬನ್ನು. ಗೇಲನ್ ಬನ್ನು ಮುಗಿಸಿ, ಬೆರಳು ಚೀಪಿಕೊಂಡು, ಎದ್ದು ನಿಂತು ಹತ್ತು ನಿಮಿಷ ಮಾತಾಡಿದ. ಎಲ್ಲ ಕೊನೆಯ ಪಂದ್ಯದ ಆ ನಾಲ್ಕನೇ ಪ್ರಯತ್ನದ ಮೇಲೇ. "ಒಬ್ಬ ಮನುಷ್ಯನಿಗೆ ಒಂದು ಗೇಣು ಅಂದ್ರೆ ಎಷ್ಟು ಅಂತ ಗೊತ್ತಿಲ್ದೇ ಹೋದ್ರೆ, ಅವನ ಕೈಗೆ ನಮ್ಮ ತಂಡ ಹೆಂಗೆ ಕೊಡೋದು ಸ್ವಾಮಿ?" ಎಂದು ಮುಗಿಸಿದ. ಚಪ್ಪಾಳೆ ಬಿತ್ತು. ಮೂಲೆಯಲ್ಲಿ ಕೂತಿದ್ದ ಹಾಲ್ವರ್ಸನ್ ತಾನೂ ಮರ್ಯಾದೆಗೆ ಎರಡು ಸಲ ತಟ್ಟಿದ.

ಆಗ ಎಲ್ಡನ್ ಎದ್ದ. ಅವನು ನೀರು ತರಲು ಎದ್ದನೆಂದು ಜನ ಮೊದಲು ದಾರಿ ಬಿಟ್ಟರು.

"ಆ ಗೇಣು ಕೋಚ್‌ಗೆ ಸಿಕ್ಕಿತ್ತು," ಎಂದ ಎಲ್ಡನ್. "ತಪ್ಪಿಸಿದ್ದು ನಾನು."

ಅವನು ಹಿಂದಿನ ಅಂಚು, ಮುಂದಿನ ಅಂಚು, ಬೂಟಿನ ಗುರುತು, ಒಂದನ್ನೂ ಬಿಡದೆ ಹೇಳಿದ. ಎಲ್ಡನ್ ಅಷ್ಟು ಮಾತಾಡಿದ್ದನ್ನು ಊರಿನವರು ಕೇಳಿದ್ದೇ ಮೊದಲು.

"ಅಲ್ಲಯ್ಯಾ, ಗೊತ್ತಾಗ್ಲಿಲ್ಲ ಅಂದ್ರೆ ಯಾವಾಗ್ಲೂ ಇಡೋ ಅಂಚಿಗೇ ಇಡ್ಬೇಕಾಗಿತ್ತಪ್ಪಾ!" ಎಂದು ಗೇಲನ್ ಕಿರುಚಿದ. "ಮುಂದಿನದು ಅಂತ ಯಾಕಂದೆ?"

"ಹಿಂದಿನದೇ ಆಗ್ಲಿ ಅಂತ ತುಂಬಾ ಆಸೆಯಾಯ್ತು. ಅದಕ್ಕೇ."

ಎಲ್ಡನ್ ಚೀಲದಿಂದ ಸರಪಳಿಯವರು ತೊಡುವ ಪಟ್ಟೆಯ ಅಂಗಿ ತೆಗೆದು, ಮಡಿಕೆ ನೇವರಿಸಿ, ಅಧ್ಯಕ್ಷೆಯ ಮುಂದೆ ಚಿಲ್ಲಿಯ ಬಟ್ಟಲಿನ ಪಕ್ಕ ಇಟ್ಟ. ಅಷ್ಟು ಜನರ ಮುಂದೆ ಅತ್ತುಬಿಡುತ್ತೇನೇನೋ ಎಂದು ಹೆದರಿ ಬೇಗ ಬಂದು ಕೂತ. ಮೇಜಿನ ಕೆಳಗೆ ಲವೋನ್ ಅವನ ಕೈ ಹಿಡಿದುಕೊಂಡಳು.

"ನಾನು ಮೂರು ಗೆಲುವು ಅಂದಿದ್ದೆ," ಎಂದರು ಮರಿಯನ್ ಸ್ಟೂಬೆ. "ದಾಖಲೆ ಎರಡು ಅನ್ನುತ್ತೆ. ನನ್ನ ಕಣ್ಣಿಗೆ ಮೂರು ಕಾಣ್ತಿದೆ. ಕೋಚ್ ಇನ್ನೊಂದು ವರ್ಷ ಇರ್ತಾರೆ."

ಬಯ್ಯಲು ಊರಿಗೆ ಒಬ್ಬರು ಬೇಕೇ ಬೇಕಿತ್ತು. ಕೋಚ್ ಕೈತಪ್ಪಿದ್ದರಿಂದ ಎಲ್ಡನ್ ಸಿಕ್ಕಿದ. ಕೆಟ್ಟದಾಗಿ ಯಾರೂ ನಡೆದುಕೊಳ್ಳಲಿಲ್ಲ, ಆಡಿಕೊಂಡರು ಅಷ್ಟೇ. ತೂಕದ ಕಿಟಕಿಗೆ ಬಂದ ರೈತರು "ಇವತ್ತು ಯಾವ ಅಂಚಿಂದ ತೂಗಿದೆ, ಎಲ್ಡನ್?" ಎಂದು ಕಣ್ಣು ಮಿಟುಕಿಸಿದರು. ಲಾರಿಯ ತೂಕದಲ್ಲಿ ಒಂದು ಸೇರಿನಷ್ಟೂ ತಪ್ಪು ಮಾಡದವನಿಗೆ ಅದು ಚುಚ್ಚುತ್ತಿತ್ತು. ಅವನು ಚೀಟಿ ಹರಿದು ಕೊಟ್ಟು ಮುಂದಿನ ಲಾರಿ ಕರೆಯುತ್ತಿದ್ದ.

ಒಂದು ದಿನ ಹಾಲ್ವರ್ಸನ್ನೇ ಆ ಕಿಟಕಿಗೆ ಬಂದ.

"ನಿಮ್ಮನ್ನ ವಾಪಸ್ ಸರಪಳಿಗೆ ಕರೀಲಿ ಅಂತ ನಾನು ಕೇಳ್ತೀನಿ, ಎಲ್ಡನ್. ನಾನು ಒಂಬತ್ತು ಸೋತು ಇಲ್ಲೇ ಇದೀನಿ. ನೀವು ಒಂದೇ ಒಂದು ಸಲ ತಪ್ಪಿದ್ರಿ."

"ಬೇಡಿ, ಕೋಚ್. ಆಸೆ ಬಂದೋನು ಕ್ಲಿಪ್ಪು ಹಿಡೀಬಾರ್ದು."

ಸೆಪ್ಟೆಂಬರ್ ಬಂತು. ಎಲ್ಡನ್ ಮೊದಲ ಸಲ ಊರಿನವರ ಕಡೆಯ ಮೆಟ್ಟಿಲುಗಳ ಮೇಲೆ, ಲವೋನ್ ಪಕ್ಕದಲ್ಲಿ ಕೂತ. ಅಲ್ಲಿಂದ ನೋಡಿದರೆ ಎಲ್ಲ ತಿರುಗುಮುರುಗು; ತಾನು ನಿಲ್ಲುತ್ತಿದ್ದ ಜಾಗ ಎದುರಿಗೆ, ದೂರದಲ್ಲಿ. ಲವೋನ್ ಈಗ ಕೋಚ್‌ನ ದೊಡ್ಡ ಭಕ್ತೆ. ಗಂಡ ತನ್ನ ಪ್ರಾಣದಂಥ ಸರಪಳಿ ಕೊಟ್ಟು ಉಳಿಸಿಕೊಂಡ ಕೋಚ್‌ನನ್ನು ಯಾರಾದರೂ ಒಂದು ಮಾತಂದರೆ ಅವಳು ಬೇಸಿಗೆಯೆಲ್ಲ ಅವರ ಚಳಿ ಬಿಡಿಸಿದ್ದಳು. ಎಲ್ಡನ್ ಎರಡು ಪಂದ್ಯ ಮೊಣಕಾಲ ಮೇಲೆ ಕೈಯಿಟ್ಟು ತುಟಿ ಬಿಚ್ಚದೆ ನೋಡಿದ.

ಮೂರನೆಯ ಪಂದ್ಯದಲ್ಲಿ ಮೂರು ಅಂಕ ಮುಂದಿದ್ದಾಗ ಮತ್ತೆ ನಾಲ್ಕನೇ ಪ್ರಯತ್ನ ಬಂತು. ಈ ಸಲ ಬಾಕಿಯಿದ್ದದ್ದು ಒಂದು ಗೇಣಲ್ಲ, ಪೂರಾ ನಾಲ್ಕು ಗಜ. ಹಾಲ್ವರ್ಸನ್ ಮುನ್ನುಗ್ಗಲು ಕೈಮಾಡಿದ. ಚೆಂಡು ಜಾರಿತು, ಎದುರಾಳಿಗಳಲ್ಲೊಬ್ಬ ಅದನ್ನೆತ್ತಿಕೊಂಡು ಮೈದಾನದ ಆ ತುದಿಯವರೆಗೆ ಓಡಿದ. ಅಳೆಯುವುದಕ್ಕೆ ಏನೂ ಉಳಿದಿರಲಿಲ್ಲ.

"ಒದೀಬೇಕಿತ್ತಲ್ಲೋ ಮಾರಾಯಾ!" ಎಂದು ಯಾರೋ ಆಕಾಶ ಬಿರಿಯುವಂತೆ ಕೂಗಿದರು. ಎರಡು ಸಾಲು ಕೆಳಗಿದ್ದ ಗೇಲನ್ ತಿರುಗಿ ನೋಡಿ ಬಾಯಿ ಬಿಟ್ಟುಕೊಂಡ. ಕೂಗಿದ್ದು ಎಲ್ಡನ್. ಎದ್ದು ನಿಂತಿದ್ದ, ಟೋಪಿ ಕೈಯಲ್ಲಿತ್ತು, ಕತ್ತಿನ ನರ ಉಬ್ಬಿತ್ತು. "ತೆಗೆದ್ಹಾಕ್ರೋ ಇವನ್ನ! ಇವತ್ತೇ ತೆಗೆದ್ಹಾಕಿ!"

ಲವೋನ್ ಕೋಟು ಹಿಡಿದು ಎಳೆದಳು. "ಎಲ್ಡನ್! ಕೂತ್ಕೋ! ಆ ಮನುಷ್ಯನಿಗೋಸ್ಕರ ನೀನು ಸರಪಳಿ ಬಿಟ್ಟೆ!"

"ಅದಕ್ಕೇ ಹೇಳ್ತಿರೋದು!" ಎಂದು ಎಲ್ಡನ್ ಇನ್ನೂ ಜೋರಾಗಿ ಕೂಗಿದ.

ಅವನ ಗಂಟಲು ಒಡೆದುಹೋಗಿತ್ತು, ಕಣ್ಣಲ್ಲಿ ನೀರು ತುಂಬಿತ್ತು. ಪಂದ್ಯ ಮುಗಿಯುವವರೆಗೂ ಅವನು ಕೂರಲಿಲ್ಲ.