ಆಟ ನಿಲ್ಲದಂತೆ ನಾನು ಬರೆದ ನಿಯಮ

ಒಂದು ದಿನದ ಕ್ರಿಕೆಟ್ಟನ್ನು ಉದ್ಧಾರ ಮಾಡುವುದು ಹೇಗೆ ಎಂದು ಬಣಕಲ್ ಕಡೆಯ ಯಾವ ಹೋಟೆಲಿನಲ್ಲಾದರೂ ಕೇಳಿ ನೋಡಿ, ಒಂದು ಟೀ ಮುಗಿಯುವುದರೊಳಗೆ ನಾಲ್ಕು ಯೋಜನೆ ಸಿಗುತ್ತವೆ. ವಿಶ್ವಕಪ್ ಬಂತೆಂದರೆ ಎಲ್ಲರೂ ಪಂಡಿತರೇ. ಎರಡೆರಡು ಹೊಸ ಚೆಂಡು ಕೊಟ್ಟು ಬೌಲರುಗಳ ಕತ್ತು ಕುಯ್ದರು ಎನ್ನುವವನೊಬ್ಬ. ಸೋತು ಮನೆಗೆ ಹೊರಟ ತಂಡಗಳನ್ನೂ ಹಿಡಿದಿಟ್ಟು ಆಡಿಸುತ್ತಾರಲ್ಲ, ಯಾರು ನೋಡಬೇಕು ಅದನ್ನು ಎನ್ನುವವನೊಬ್ಬ. ಇಬ್ಬನಿ ಬೀಳುವ ಊರಿನಲ್ಲಿ ಟಾಸ್ ಗೆದ್ದವನೇ ಪಂದ್ಯ ಗೆದ್ದ ಹಾಗೆ, ಮೊದಲು ಅದಕ್ಕೊಂದು ದಾರಿ ಹುಡುಕಿ ಎನ್ನುವವನು ಮತ್ತೊಬ್ಬ. ಇವರೆಲ್ಲರಿಗಿಂತ ದೊಡ್ಡ ಗಂಟಲು ನನ್ನದಾಗಿತ್ತು. ಈಗ ಮಾತು ಆ ಕಡೆ ತಿರುಗಿದರೆ ಟೀ ಅರ್ಧಕ್ಕೇ ಬಿಟ್ಟು ಎದ್ದುಬಿಡುತ್ತೇನೆ.

ನಾನು ಮೂಡಿಗೆರೆ ಹತ್ತಿರದ ಎಸ್ಟೇಟೊಂದರಲ್ಲಿ ರೈಟರ್. ರೈಟರ್ ಎಂದರೆ ಕತೆ ಕಾದಂಬರಿ ಬರೆಯುವವನಲ್ಲ. ಬೆಳಿಗ್ಗೆ ಆಳುಗಳ ಹಾಜರಿ ಹಾಕಿ, ಯಾರು ಯಾವ ಬ್ಲಾಕಿಗೆ ಹೋದರೆಂದು ಬರೆದುಕೊಂಡು, ಸಂಜೆ ತಲೆ ಎಣಿಸಿ, ತೋಟದೊಳಗೆ ಯಾರೂ ಉಳಿದಿಲ್ಲ ಎಂದು ಖಾತ್ರಿ ಮಾಡಿಕೊಂಡ ಮೇಲೆ ಗೇಟು ಹಾಕಿಸುವವನು. ಇಷ್ಟು ವರ್ಷದಲ್ಲಿ ಒಂದು ತಲೆಯೂ ತಪ್ಪಿಲ್ಲ ಎಂದು ನನಗೆ ಜಂಬವಿತ್ತು. ಹಾಗಾಗಿ ನಮ್ಮೂರಿನ ಟೂರ್ನಮೆಂಟಿನ ಸ್ಕೋರ್ ಬರೆಯುವ ಕೆಲಸವೂ ನನ್ನ ಪಾಲಿಗೇ ಬಂತು. ಬರೆಯುತ್ತಾ ಬರೆಯುತ್ತಾ ನಿಯಮಗಳನ್ನೂ ನಾನೇ ಬರೆಯತೊಡಗಿದೆ. ಯಾರೂ ಕೇಳಿರಲಿಲ್ಲ.

ಟೂರ್ನಮೆಂಟ್ ನಡೆಯುವುದು ಕೊಯ್ಲಾದ ಗದ್ದೆಯಲ್ಲಿ, ಕಾಫಿ ಹಣ್ಣಿನ ಕೊಯ್ಲೂ ಮುಗಿದು ಎಲ್ಲರ ಕೈ ಬಿಡುವಾದ ಮೇಲೆ. ಗದ್ದೆಯ ಮೂರು ಕಡೆಗೂ ತೋಟ. ಸ್ವಲ್ಪ ಬಲವಾಗಿ ಬೀಸಿದರೆ ಚೆಂಡು ಕಾಫಿ ಗಿಡದೊಳಗೆ. ಆಗ ಮೊದಲಿನಿಂದ ಬಂದ ಪದ್ಧತಿ ಒಂದೇ: ಆಟ ನಿಲ್ಲಿಸುವುದು, ಎಲ್ಲರೂ ಹುಡುಕುವುದು. ಎಲ್ಲರೂ ಎಂದರೆ ಎಲ್ಲರೂ. ಎರಡೂ ತಂಡ, ಅಂಪೈರುಗಳು, ನೋಡಲು ಬಂದವರು, ಔಟಾಗಿ ಮುಖ ಊದಿಸಿಕೊಂಡು ಕೂತವನು ಕೂಡ. ತೋಟದೊಳಗೆ ಹೊಕ್ಕರೆ ಆಳೆತ್ತರದ ಗಿಡದಲ್ಲಿ ಪಕ್ಕದವನೂ ಕಾಣುವುದಿಲ್ಲ. ಅದಕ್ಕೆ ಕೂ ಹಾಕುತ್ತಾ ಹೋಗಬೇಕು. ಒಬ್ಬ ಕೂ ಎಂದರೆ ಕೇಳಿದವನು ತಿರುಗಿ ಕೂ ಎನ್ನಲೇಬೇಕು. ಇದನ್ನು ನಮಗೆ ಯಾರೂ ಹೇಳಿಕೊಟ್ಟದ್ದಲ್ಲ, ನಡೆಯಲು ಕಲಿಯುವಾಗಲೇ ಕಲಿತದ್ದು. ಚೆಂಡು ಹುಡುಕಲು ಹೋದವರಲ್ಲಿ ಅರ್ಧ ಜನ ಪೇರಲೆ ಹಣ್ಣು ತಿಂದುಕೊಂಡು, ಬೀಡಿ ಸೇದಿಕೊಂಡು ಬರುತ್ತಿದ್ದರು. ಅರ್ಧ ಗಂಟೆ ಎಕ್ಕುಟ್ಟಿ ಹೋಗುತ್ತಿತ್ತು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಅಷ್ಟು ಹೊತ್ತಿಗೆ ಟಿವಿಯಲ್ಲಿ ದೊಡ್ಡ ಪಂದ್ಯಗಳಿಗೆ ಗಡಿಯಾರ ಬಂತು. ಓವರ್ ಮುಗಿದು ಇಂತಿಷ್ಟು ಹೊತ್ತಿನೊಳಗೆ ಮುಂದಿನ ಓವರ್ ಶುರುವಾಗಬೇಕು, ತಡ ಮಾಡಿದವರಿಗೆ ದಂಡ. ಚೆಂಡು ಗ್ಯಾಲರಿಯಾಚೆ ಹೋಯಿತೋ, ಪೆಟ್ಟಿಗೆ ಬರುತ್ತದೆ, ಅಷ್ಟೇ ಸವೆದ ಇನ್ನೊಂದು ಚೆಂಡು ಆರಿಸುತ್ತಾರೆ, ಆಟ ಮುಂದೆ. ಯಾರೂ ಪೇರಲೆ ತಿನ್ನುವುದಿಲ್ಲ. ನೋಡಿ ನೋಡಿ ನನಗೆ ಹುಚ್ಚು ಹಿಡಿಯಿತು. ಅಂತಾರಾಷ್ಟ್ರೀಯ ಮಟ್ಟದ ನಿಯಮ ಎಂದು ದಪ್ಪಕ್ಷರದಲ್ಲಿ ಬರೆದು ಸಮಿತಿಯ ಮುಂದಿಟ್ಟೆ. ಚೆಂಡು ತೋಟಕ್ಕೆ ಹೋದರೆ ಯಾರೂ ಹುಡುಕಬಾರದು, ಪೆಟ್ಟಿಗೆಯಿಂದ ಬೇರೆ ಚೆಂಡು. ಫೀಲ್ಡರ್ ಹೊರಗೆ ಹೋದರೆ ಆ ಕ್ಷಣವೇ ಬದಲಿ ಆಟಗಾರ ಒಳಗೆ. ಯಾವ ಕಾರಣಕ್ಕೂ ಗಡಿಯಾರ ನಿಲ್ಲಬಾರದು.

ಬೇಡ ಎಂದವನು ಒಬ್ಬನೇ. ನನ್ನ ಗೆಳೆಯ. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರು, ಮೋಟಾರು, ಸ್ಪ್ರಿಂಕ್ಲರು ಏನು ಕೆಟ್ಟರೂ ಬಣಕಲ್ಲಿನಿಂದ ಬೈಕಿನಲ್ಲಿ ಬಂದು ರಿಪೇರಿ ಮಾಡುತ್ತಿದ್ದವನು. ನನಗಿಂತ ಎರಡು ವರ್ಷ ಚಿಕ್ಕವನು. ಬೌಂಡರಿಯಲ್ಲಿ ನಿಂತರೆ ಅವನ ಕೈಯಿಂದ ಕ್ಯಾಚು ಜಾರಿದ್ದನ್ನು ನಾನು ನೋಡಿಲ್ಲ.

"ಬಾಲ್ ಹುಡುಕದೆ ಎಂತ ಆಟ ಮಾರಾಯ? ಅಲ್ಲಿ ಬಿದ್ದಿದ್ದು ಗೊತ್ತಿದ್ದೂ ಬಿಟ್ಟು ಬರೋದಾ?" ಎಂದ.

"ನೀನು ಗದ್ದೆ ಕ್ರಿಕೆಟ್ಟಲ್ಲೇ ಇರು. ಜಗತ್ತು ಎಲ್ಲಿಗೆ ಹೋಯ್ತು ನೋಡು" ಎಂದೆ ನಾನು.

"ಜಗತ್ತಿಗೆ ಕಾಫಿ ತೋಟ ಇಲ್ವಲ್ಲ."

ಎಲ್ಲರೂ ನಕ್ಕರು. ಅಷ್ಟು ಜನರ ಮುಂದೆ ನಕ್ಕದ್ದು ನನಗೆ ಚುಚ್ಚಿತು. ಹಟ ಹಿಡಿದು ಮೂರು ದಿನ ಮನೆ ಮನೆ ತಿರುಗಿ ಆ ನಿಯಮವನ್ನು ಪಾಸ್ ಮಾಡಿಸಿದೆ. ಅವನೊಂದಿಗೆ ಮಾತು ಬಿಡಲಿಲ್ಲ, ಆದರೆ ಮೊದಲಿನ ಮಾತಾಗಿರಲಿಲ್ಲ ಅದು.

ಸೆಮಿಫೈನಲ್ ದಿನ ಹನ್ನೊಂದು ಗಂಟೆಯ ಬಿಸಿಲು. ನಾನು ಶಾಮಿಯಾನದ ಕೆಳಗೆ ಸ್ಕೋರ್ ಬುಕ್ಕು, ಪಕ್ಕದಲ್ಲಿ ಗಡಿಯಾರ ಇಟ್ಟುಕೊಂಡು ಕೂತಿದ್ದೆ. ಹಿಂದೆಯೇ ಸ್ತ್ರೀಶಕ್ತಿ ಸಂಘದವರು ಆಟಗಾರರಿಗೆ ಪಲಾವು ಮಾಡುತ್ತಿದ್ದರು. ಗೆಳೆಯನ ಹೆಂಡತಿಯೂ ಅವರ ಜೊತೆ ಇದ್ದಳು. ಅವನ ತಂಡ ಫೀಲ್ಡಿಂಗ್ ಮಾಡುತ್ತಿತ್ತು. ಎದುರಿನವನು ಎತ್ತಿ ಬಾರಿಸಿದ ಚೆಂಡು ಅವನ ತಲೆಯ ಮೇಲಿಂದ ಹಾರಿ ಕೆಳಗಿನ ತೋಟದೊಳಗೆ ಬಿತ್ತು. ಅಂಪೈರ್ ಪೆಟ್ಟಿಗೆ ತರಿಸಿದ. ಗೆಳೆಯ ನನ್ನ ಕಡೆ ನೋಡಿ ನಕ್ಕ. ಆಮೇಲೆ ಬೇಲಿ ದಾಟಿ ತೋಟಕ್ಕೆ ಇಳಿದೇಬಿಟ್ಟ. ಬದಲಿ ಆಟಗಾರ, ಜೀಪು ಓಡಿಸುವವನು, ಓಡಿ ಬಂದು ಅವನ ಜಾಗದಲ್ಲಿ ನಿಂತ. ಹನ್ನೊಂದು ಜನ. ಲೆಕ್ಕ ಸರಿಯಾಗಿತ್ತು. ಆಟ ಅರ್ಧ ನಿಮಿಷವೂ ನಿಲ್ಲಲಿಲ್ಲ, ನಾನು ಗಡಿಯಾರ ನೋಡಿ ಬೀಗಿದೆ.

ಒಂದು ಓವರ್ ಆಗಿತ್ತು. ಮೈಕಿನಲ್ಲಿ ಕಾಮೆಂಟರಿ ಹೇಳುವವನು ಉಸಿರು ತೆಗೆದುಕೊಳ್ಳಲು ಸುಮ್ಮನಾದಾಗ ಕೆಳಗಿನಿಂದ ಕೂ ಕೇಳಿತು. ಅವನದೇ ಕೂಗು, ಚಿಕ್ಕಂದಿನಿಂದ ಕೇಳಿದ್ದು. ಓಹೋ, ಎಲ್ಲರನ್ನೂ ಹುಡುಕಲು ಕರೆಯುತ್ತಿದ್ದಾನೆ, ನನ್ನ ನಿಯಮ ಮುರಿಸಲು ನೋಡುತ್ತಿದ್ದಾನೆ ಎಂದುಕೊಂಡೆ. ಬರೆದೆ: ಒಂದು ರನ್. ಮತ್ತೆ ಕೂ. ತಲೆ ಎತ್ತಿದೆ. ಬಾಯಿಯವರೆಗೆ ಬಂತು ತಿರುಗಿ ಕೂ ಎನ್ನುವುದು. ಎಂದರೆ ಅಂಪೈರ್ ತಿರುಗುತ್ತಾನೆ, ಹುಡುಗರು ಬೇಲಿ ಹಾರುತ್ತಾರೆ, ಪೇರಲೆ, ಬೀಡಿ, ಅರ್ಧ ಗಂಟೆ. ಕೂಗಿಕೋ ಮಗನೇ, ಎಷ್ಟು ಕೂಗುತ್ತೀಯೋ ಕೂಗು ಎಂದುಕೊಂಡು ತಲೆ ತಗ್ಗಿಸಿದೆ. ಮೂರನೆಯದು ಸಣ್ಣಗೆ ಕೇಳಿತು. ಅಷ್ಟರಲ್ಲಿ ಮೈಕು ಶುರುವಾಯಿತು.

ಇನ್ನಿಂಗ್ಸ್ ಮುಗಿದು ಎಲ್ಲರೂ ಪಲಾವಿನ ತಟ್ಟೆ ಹಿಡಿದಾಗ ಅವನಿಲ್ಲ ಎಂದು ಗೊತ್ತಾಯಿತು. ಆಗ ಹೋದರು ಎಲ್ಲರೂ, ಮೊದಲಿನ ಹಾಗೆಯೇ, ಎರಡೂ ತಂಡ, ಅಂಪೈರು, ಕೂ ಹಾಕಿಕೊಂಡು. ಉತ್ತರ ಬರಲಿಲ್ಲ. ತೋಟದ ಕೆಳಗೆ ಸ್ಪ್ರಿಂಕ್ಲರಿಗೆಂದು ತೋಡಿದ ಹೊಂಡವಿತ್ತು, ಒಳಗೆಲ್ಲ ಪ್ಲಾಸ್ಟಿಕ್ ಹಾಸಿದ್ದು. ಚೆಂಡು ನಡುವೆ ತೇಲುತ್ತಿತ್ತು. ಅಂಚಿನ ಪಾಚಿಯಲ್ಲಿ ಎಂಟು ಹತ್ತು ಕಡೆ ಕೈಯಿಂದ ಗೀರಿದ ಗುರುತು. ಅವನಿಗೆ ಈಜು ಬರುತ್ತಿತ್ತು, ಮಳೆಗಾಲದ ಹೊಳೆಯನ್ನೇ ಈಜಿ ದಾಟಿದವನು. ಆದರೆ ಆ ಪ್ಲಾಸ್ಟಿಕ್ಕಿನ ಮೇಲೆ ಕಾಲು ನಿಲ್ಲುವುದಿಲ್ಲ, ಕೈಗೆ ಹಿಡಿಯಲು ಒಂದು ಬೇರೂ ಇಲ್ಲ. ಎಷ್ಟು ಹೊತ್ತು ಈಜಿದನೋ. ಡಾಕ್ಟರನ್ನು ಕೇಳುವ ಧೈರ್ಯ ನನಗೆ ಆಗಲಿಲ್ಲ.

ಪೊಲೀಸರು ಆಕಸ್ಮಿಕ ಎಂದು ಬರೆದುಕೊಂಡು ಹೋದರು. ಹೇಳಿಕೆಗೆ ನಾನೂ ರುಜು ಹಾಕಿದೆ. ಏನಾದರೂ ಶಬ್ದ ಕೇಳಿತಾ ಎಂದರು. ಮೈಕಿನ ಗಲಾಟೆ ಸಾರ್ ಎಂದೆ. ಇಷ್ಟೇ ನನ್ನ ಸುಳ್ಳು. ಹಾಳಾದವನು ನಾನು, ಅದನ್ನೂ ಚಂದದ ಅಕ್ಷರದಲ್ಲಿ ರುಜು ಮಾಡಿದೆ.

ಅಂದಿನಿಂದ ನನಗೆ ಕೂ ಕೇಳುವುದು ನಿಂತಿಲ್ಲ. ಎಸ್ಟೇಟಿನಲ್ಲಿ ಯಾರು ಯಾರನ್ನು ಕರೆದರೂ ನಾನು ಓಗೊಡುತ್ತೇನೆ. ಹೆಂಗಸರು ಮಧ್ಯಾಹ್ನ ಊಟಕ್ಕೆ ಒಬ್ಬರನ್ನೊಬ್ಬರು ಕರೆದರೆ ಆಫೀಸಿನಿಂದ ನನ್ನ ಕೂ. ನವಿಲು ಕೂಗಿದರೂ ನನ್ನ ಕೂ. "ರೈಟ್ರು ನವಿಲಿಗೂ ಹಾಜರಿ ಹಾಕ್ತಾರೆ ಕಣ್ರೇ" ಎಂದು ಆಳುಗಳು ನಗುತ್ತಾರೆ, ನಾನೂ ನಗುತ್ತೇನೆ. ಸಂಜೆ ತಲೆ ಎಣಿಸಿದರೆ ನಂಬಿಕೆಯಿಲ್ಲ, ಒಬ್ಬೊಬ್ಬರ ಮುಖ ನೋಡಿ ಹೆಸರು ಹೇಳಿಸಿಕೊಳ್ಳುತ್ತೇನೆ. ಒಂದು ದಿನ ಮೇಸ್ತ್ರಿ ಬೇಸತ್ತು, "ಸಂಖ್ಯೆ ಸರಿ ಇದ್ಯಲ್ಲ ಸಾರ್, ಬಿಡಿ" ಎಂದ. ಸಂಖ್ಯೆ ಸರಿ ಇದ್ದರೆ ಆಯಿತಾ ಎಂದು ಅವನ ಮೇಲೆ ಎಷ್ಟು ಕೂಗಾಡಿದೆನೆಂದರೆ ಅವನು ಎರಡು ದಿನ ಕೆಲಸಕ್ಕೆ ಬರಲಿಲ್ಲ. ಟಿವಿಯಲ್ಲಿ ಚೆಂಡು ಗ್ಯಾಲರಿಯಾಚೆ ಬಿದ್ದು ಅಂಪೈರ್ ಪೆಟ್ಟಿಗೆ ತೆರೆದರೆ ನನ್ನ ಕೈ ತಾನಾಗಿ ರಿಮೋಟಿಗೆ ಹೋಗುತ್ತದೆ. ಅಷ್ಟು ಜನ ಕೂತು ನೋಡುತ್ತಿದ್ದರೂ ಹೋದ ಚೆಂಡು ಏನಾಯಿತೆಂದು ಒಬ್ಬರೂ ಕೇಳುವುದಿಲ್ಲವಲ್ಲ.

ಎರಡು ವರ್ಷ ಟೂರ್ನಮೆಂಟ್ ನಡೆಯಲಿಲ್ಲ. ಈ ವರ್ಷ ಸಮಿತಿಯವರು ಮತ್ತೆ ಬಂದರು. ಅವನ ಹೆಸರಿನಲ್ಲಿ ಕಪ್ ಮಾಡೋಣ, ನಿಯಮಗಳನ್ನು ಇನ್ನಷ್ಟು ಚೊಕ್ಕ ಮಾಡಿ ಬರೆದುಕೊಡಿ, ಅವನ ಮನೆಯವರ ಒಪ್ಪಿಗೆಯನ್ನೂ ನೀವೇ ಕೇಳಿ, ನಿಮಗಿಂತ ಹತ್ತಿರದವರು ಯಾರಿದ್ದಾರೆ ಎಂದರು. ಹತ್ತಿರದವರು! ಒಪ್ಪಿಗೆ ಕೇಳುವ ಮೊದಲು ಕೂ ಕೇಳಿದ್ದನ್ನು ಹೇಳಿಬಿಡಬೇಕು, ಆಮೇಲೆ ಅವನ ಹೆಂಡತಿ ಉಗಿದರೂ ಸರಿ, ಹೊಡೆದರೂ ಸರಿ ಎಂದು ತೀರ್ಮಾನ ಮಾಡಿ ಭಾನುವಾರ ಬೆಳಿಗ್ಗೆ ಬಣಕಲ್ಲಿಗೆ ಹೋದೆ.

ಅವಳು ಅವನ ರಿಪೇರಿ ಶೆಡ್ಡಿನಲ್ಲೇ ಈಗ ಹೊಲಿಗೆ ಹಾಕುತ್ತಾಳೆ. ನನ್ನನ್ನು ಕೂರಿಸಿ ಕಾಫಿ ತಂದಳು. ನಾನು ಲೋಟ ಮುಟ್ಟಲಿಲ್ಲ.

"ನೋಡಮ್ಮ, ಅವತ್ತು ಅವ್ನು ಕೂ ಹಾಕಿದ್ದ. ಮೂರು ಸಲ. ನಂಗೆ ಕೇಳಿತ್ತು. ಆಟ ನಿಲ್ಲುತ್ತೆ ಅಂತ ನಾನು ಓಗೊಡ್ಲಿಲ್ಲ" ಎಂದೆ. ಇಷ್ಟು ವರ್ಷ ಗಂಟಲಲ್ಲಿ ಇಟ್ಟುಕೊಂಡದ್ದು ಹೇಳಿ ಮುಗಿಸಲು ಅಷ್ಟೇ ಹೊತ್ತು ಸಾಕಾಯಿತು.

ಅವಳು ಅಳಲಿಲ್ಲ. ಹೊಲಿಗೆ ಯಂತ್ರದ ಮೇಲಿದ್ದ ಬಟ್ಟೆಯನ್ನು ಮಡಚಿ ಪಕ್ಕಕ್ಕಿಟ್ಟಳು.

"ಗೊತ್ತು ಅಣ್ಣ" ಎಂದಳು. "ಎರಡನೇ ಸಲದ್ದು ನಂಗೂ ಕೇಳ್ತು. ಪಲಾವಿನ ಪಾತ್ರೆ ಬಿಟ್ಟು ಎದ್ದೆ, ಬೇಲಿ ತನಕ ಹೋಗಿ ಓಗೊಡೋಣ ಅಂತ."

ನಾನು ಅವಳ ಮುಖ ನೋಡಿದೆ.

"ಅಷ್ಟೊತ್ತಿಗೆ ನೀವು ತಲೆ ಎತ್ತಿದ್ರಿ. ಅಣ್ಣನಿಗೆ ಕೇಳ್ತಲ್ಲ, ಇನ್ನು ಅವ್ರು ನೋಡ್ಕೊಳ್ತಾರೆ ಅಂತ ನಾನು ವಾಪಸ್ ಕೂತೆ."